ಡೈ-ಕಾಸ್ಟ್ ರೇಸ್ ಕಾರಿನ ಬಣ್ಣ, ಡೆಕಾಲ್, ಚಕ್ರ: ದೋಷ ಪತ್ತೆ ಮತ್ತು ಪರಿಹಾರ

1:64 ಅಳತೆಯ (ನಿಜ ಕಾರಿನ 64ನೇ ಒಂದು ಭಾಗದಷ್ಟಿರುವ) ಡೈ-ಕಾಸ್ಟ್, ಅಂದರೆ ಎರಕದ ಲೋಹದ ಆಟಿಕೆ ಕಾರಿನ ಕಾರ್ಖಾನೆ ಬಣ್ಣ ತೆಗೆದು, ಹೊಸ ಬಣ್ಣ ಹೊಡೆದು, ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಅಂಟಿಸಿ, ರಬ್ಬರ್ ಟೈರ್ ಹಾಕಿ ನಿಜವಾದ ರೇಸ್ ಕಾರಿನ ರೂಪ ಕೊಡುವವರಿಗೆ ಎದುರಾಗುವ ತೊಂದರೆಗಳು ಬಹುಮಟ್ಟಿಗೆ ಒಂದೇ ಬಗೆಯವು. ತೊಂದರೆ ಕಣ್ಣಿಗೆ ಬೀಳುವುದು ಮೇಲಿನ ಪದರದಲ್ಲಿ. ಹುಟ್ಟಿರುವುದು ಅದರ ಕೆಳಗಿನ ಪದರದಲ್ಲಿ, ಕೆಲವೊಮ್ಮೆ ಇನ್ನೂ ಎರಡು ಪದರ ಕೆಳಗೆ. ಇದನ್ನು ತಿಳಿಯದೆ ಮತ್ತೊಂದು ಕೋಟ್ ಹೊಡೆದು ಮುಚ್ಚಿದರೆ ಮುಂದೆ ತೆಗೆಯಬೇಕಾದ ಬಣ್ಣ ಹೆಚ್ಚುತ್ತದೆ, ದೋಷ ಇದ್ದಲ್ಲೇ ಇರುತ್ತದೆ.

ಉದಾಹರಣೆಗೆ ಗಲ್ಫ್ ತೈಲ ಕಂಪನಿಯ ಬಣ್ಣದ ಫೋರ್ಡ್ ಜಿಟಿ40 ತೆಗೆದುಕೊಳ್ಳೋಣ. ತಿಳಿನೀಲಿ ಮೈ, ನಡುವೆ ಕಿತ್ತಳೆ ಪಟ್ಟಿ, ನಂಬರಿಗೆ ಬಿಳಿ ವೃತ್ತ. ಪಿ/1075 ಎಂಬ ಷಾಸಿ ನಂಬರಿನ ಒಂದೇ ಕಾರು ಲೆ ಮಾನ್ಸ್ 24 ಗಂಟೆ ರೇಸನ್ನು ಎರಡು ಸಲ ಗೆದ್ದಿದೆ: 1968ರಲ್ಲಿ 9ನೇ ನಂಬರಿನಲ್ಲಿ ಪೆಡ್ರೊ ರೊಡ್ರಿಗೆಸ್ ಮತ್ತು ಲೂಸಿಯನ್ ಬಿಯಾಂಕಿ, 1969ರಲ್ಲಿ 6ನೇ ನಂಬರಿನಲ್ಲಿ ಜಾಕಿ ಇಕ್ಸ್ ಮತ್ತು ಜಾಕಿ ಆಲಿವರ್. ತಿಳಿನೀಲಿ ಯಾವ ತಪ್ಪನ್ನೂ ಮರೆಮಾಡದ ಬಣ್ಣ. ಹಾಗಾಗಿ ದೋಷ ಗುರುತಿಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಕಾರು ಸಿಗುವುದಿಲ್ಲ.

ಮೊದಲ ಪರೀಕ್ಷೆ: ಸೋತಿರುವುದು ಯಾವ ಪದರ?

ಬಾಗಿಲಿನ ಕೆಳಗಿನ ಅಂಚಿನಂಥ ಕಾಣದ ಜಾಗದಲ್ಲಿ ಹೊಸ ಬ್ಲೇಡಿನಿಂದ 1 ಮಿ.ಮೀ. ಅಂತರದಲ್ಲಿ ಮೂರು ಗೆರೆ ಅಡ್ಡ, ಮೂರು ಗೆರೆ ಉದ್ದ ಕೊಯ್ಯಿರಿ. ಬ್ಲೇಡು ಲೋಹದವರೆಗೆ ಇಳಿಯಬೇಕು. ಮೇಲೆ ಪಾರದರ್ಶಕ ಸೆಲ್ಲೋಟೇಪ್ ಒತ್ತಿ ಅಂಟಿಸಿ, ಒಂದೇ ಎಳೆತಕ್ಕೆ ಕಿತ್ತು, ಟೇಪಿಗೆ ಬಂದ ಚೂರನ್ನೂ ಕಾರಿನ ಮೇಲಿನ ಗಾಯವನ್ನೂ ಭೂತಗನ್ನಡಿಯಲ್ಲಿ ನೋಡಿ.

ಗಾಯದಲ್ಲಿ ಬರಿ ಲೋಹ ಕಂಡರೆ ಪ್ರೈಮರ್ (ಬಣ್ಣದಡಿಯ ಮೊದಲ ಪದರ) ಲೋಹವನ್ನು ಹಿಡಿದಿಲ್ಲ. ಪ್ರೈಮರ್ ಹಾಗೇ ಉಳಿದು ನೀಲಿ ಮಾತ್ರ ಬಂದಿದ್ದರೆ ಪ್ರೈಮರ್ ಮೇಲೆ ಬೆರಳಿನ ಜಿಡ್ಡು ಇತ್ತು, ಅಥವಾ ಅದು ತೀರಾ ನುಣುಪಾಗಿತ್ತು. ಕ್ಲಿಯರ್ (ಎಲ್ಲಕ್ಕೂ ಮೇಲಿನ ಪಾರದರ್ಶಕ ಪದರ) ಮಾತ್ರ ಎದ್ದಿದ್ದರೆ ತಪ್ಪು ಡೆಕಾಲ್ ಹಂತದ್ದು. ಹೆಚ್ಚಾಗಿ ಡೆಕಾಲ್ ಅಂಟನ್ನು ಒರೆಸದೆ ಬಿಟ್ಟಿರುತ್ತಾರೆ. ಏನೂ ಬರದಿದ್ದರೆ ಹಿಡಿತ ಸರಿಯಿದೆ, ದೋಷ ಮೇಲ್ಮೈಯದು ಮಾತ್ರ. ಆಗ ಕಾರನ್ನು ಪೂರ್ತಿ ಬಣ್ಣ ತೆಗೆಯುವ ಡಬ್ಬಿಗೆ ಹಾಕುವ ಅಗತ್ಯವಿಲ್ಲ.

ಬಣ್ಣ ಲೋಹದಿಂದಲೇ ಸುಲಿದು ಬರುತ್ತಿದೆ

ಈ ಕಾರುಗಳ ಬಾಡಿ ಜಮಾಕ್ ಎಂಬ ಮಿಶ್ರಲೋಹ: ಬಹುಪಾಲು ಸತು, ಸುಮಾರು 4% ಅಲ್ಯೂಮಿನಿಯಂ. ಇವೆರಡನ್ನೂ ಕ್ಷಾರ ತಿನ್ನುತ್ತದೆ. ಅಗ್ಗವೆಂದು ಕಾಸ್ಟಿಕ್ ಸೋಡಾದಲ್ಲಿ ಬಣ್ಣ ತೆಗೆದ ಬಾಡಿ ಕಪ್ಪು ಬೂದಿ ಬಣ್ಣಕ್ಕೆ ತಿರುಗಿ, ಸೂಜಿಮೊನೆಯಂಥ ಕುಳಿ ಬಿದ್ದಿರುತ್ತದೆ. ಕುಳಿಗಳಲ್ಲೂ ಬಾಗಿಲು, ಬಾನೆಟ್ ಅಂಚು ತೋರಿಸುವ ಪ್ಯಾನೆಲ್ ಗೆರೆಗಳಲ್ಲೂ ಉಳಿದ ಉಪ್ಪು ತೇವ ಎಳೆದುಕೊಂಡು ಕೆಲವು ವಾರಗಳ ನಂತರ ಬಣ್ಣದಡಿ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಒಡೆದಾಗ ಒಳಗೆ ಬಿಳಿ ಪುಡಿ ಇದ್ದರೆ ಕಾರಣ ಇದೇ.

ಇದಕ್ಕೆ ಬಣ್ಣ ಪೂರ್ತಿ ತೆಗೆಯದೆ ದಾರಿಯಿಲ್ಲ. ಬರಿ ಲೋಹವನ್ನು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಅರ್ಧ ನೀರು, ಅರ್ಧ ಬಿಳಿ ವಿನೆಗರ್ ಬೆರೆಸಿದ ದ್ರಾವಣದಲ್ಲಿ ಹೆಚ್ಚೆಂದರೆ ಒಂದು ನಿಮಿಷ ಅದ್ದಿ (ವಿನೆಗರ್ ಕೂಡ ಸತುವನ್ನು ತಿನ್ನುತ್ತದೆ, ಅದ್ದಿ ಮರೆಯಬೇಡಿ). ಧಾರಾಳ ನೀರಿನಲ್ಲಿ ತೊಳೆದು ಹೇರ್ ಡ್ರೈಯರ್‌ನಿಂದ ಹತ್ತು ನಿಮಿಷ ಒಣಗಿಸಿ. 600 ನಂಬರಿನ ವಾಟರ್ ಪೇಪರ್‌ನಿಂದ ಮೈಯೆಲ್ಲ ಮಂಕಾಗುವಂತೆ ಉಜ್ಜಿ. ಕನ್ನಡಿಯಂತೆ ಪಾಲಿಶ್ ಮಾಡಿದ ಸತುವಿನ ಮೇಲೆ ಸಾದಾ ಪ್ರೈಮರ್ ನಿಲ್ಲುವುದಿಲ್ಲ. ನಂತರ ಲೋಹವನ್ನು ಕಚ್ಚಿ ಹಿಡಿಯುವ ಎಚಿಂಗ್ ಪ್ರೈಮರ್ ಎರಡು ತೆಳು ಕೋಟ್. ಎಚಿಂಗ್ ಪ್ರೈಮರ್‌ನಲ್ಲಿ ಆಮ್ಲ ಇರುವುದರಿಂದ ಅದರ ಮೇಲೆ ನೇರವಾಗಿ ಪಾಲಿಯೆಸ್ಟರ್ ಪುಟ್ಟಿ ಹಾಕಿದರೆ ಪುಟ್ಟಿ ಸರಿಯಾಗಿ ಗಟ್ಟಿಯಾಗದು. ಪುಟ್ಟಿ ಬೇಕಿದ್ದರೆ ಬರಿ ಲೋಹಕ್ಕೆ ಹಾಕಿ, ಉಜ್ಜಿ, ಆಮೇಲೆ ಪ್ರೈಮರ್.

ಬಣ್ಣ ತೆಗೆಯಲು ಅಸಿಟೋನ್ ಸಾಕು. ಮುಚ್ಚಳವಿರುವ ಗಾಜಿನ ಜಾಡಿಯಲ್ಲಿ ಬಾಡಿ ಮುಳುಗುವಷ್ಟು ಹಾಕಿ ರಾತ್ರಿಯಿಡೀ ಬಿಟ್ಟರೆ ಬಣ್ಣ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಗಾಳಿಯಾಡುವ ಕಡೆ, ಒಲೆ ಮತ್ತು ದೇವರ ದೀಪದಿಂದ ದೂರ ಇಡಿ. ಕಿಟಕಿ, ಸೀಟು, ಬೇಸ್ (ಕಾರಿನ ತಳ), ಎಲ್ಲ ಪ್ಲಾಸ್ಟಿಕ್ ಮೊದಲೇ ಹೊರಗೆ ಬಂದಿರಬೇಕು. ಅಸಿಟೋನ್ ತಗುಲಿದ ಕಿಟಕಿ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಬಿರುಕು ಬಿಟ್ಟು ಮೈ ಉಬ್ಬಿದೆ

ಇದು ಬಣ್ಣದ ದೋಷವಲ್ಲ. ಎರಕದಲ್ಲಿ ಸೀಸದಂಥ ಕಲ್ಮಶ ಹೆಚ್ಚಿದ್ದರೆ ಸತುವಿನ ಹರಳುಗಳ ನಡುವೆ ತುಕ್ಕು ಒಳಗೊಳಗೇ ಹಬ್ಬಿ, ಲೋಹ ಹಿಗ್ಗಿ, ಕೊನೆಗೆ ಕೈಯಲ್ಲೇ ಪುಡಿಯಾಗುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಆಟಿಕೆಗಳಲ್ಲಿ ಇದು ಹೆಚ್ಚು. ಇತ್ತೀಚಿನ ಮಾದರಿಗಳಲ್ಲೂ ಆಗೀಗ ಕಾಣುತ್ತದೆ. ಗುರುತು ಸುಲಭ: ಬಿರುಕು ಬಣ್ಣದಲ್ಲಿ ನಿಲ್ಲದೆ ಲೋಹಕ್ಕೆ ಇಳಿದಿರುತ್ತದೆ, ಬಾಗಿಲು ಅಥವಾ ಬೇಸ್ ತನ್ನ ಜಾಗದಲ್ಲಿ ಕೂರುವುದಿಲ್ಲ. ಮದ್ದಿಲ್ಲ. ಅಂಥ ಕಾರಿಗೆ ಬಣ್ಣ, ಡೆಕಾಲ್ ಖರ್ಚು ಮಾಡಬೇಡಿ.

ಬಣ್ಣದ ಮೇಲ್ಮೈಯ ದೋಷಗಳು

*ಹಾಲಿನಂಥ ಮಬ್ಬು.* ಲ್ಯಾಕರ್ (ಥಿನ್ನರ್ ಆರಿದೊಡನೆ ಗಟ್ಟಿಯಾಗುವ ಬಣ್ಣ) ಅಥವಾ ಕ್ಲಿಯರ್ ಹೊಡೆದ ಕೆಲವೇ ನಿಮಿಷಕ್ಕೆ ಮೈ ಬೆಳ್ಳಗಾಗುತ್ತದೆ. ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ದಿನನಿತ್ಯದ ಕಾಟ; ಬೆಂಗಳೂರಿನಲ್ಲೂ ಮಳೆ ಬಂದ ಸಂಜೆ ತಪ್ಪದು. ಗೋಡೆಗೆ ಗಾಳಿಯ ತೇವ ಅಳೆಯುವ ಒಂದು ಚಿಕ್ಕ ಹೈಗ್ರೋಮೀಟರ್ ಹಾಕಿ, 70% ದಾಟಿದರೆ ಸ್ಪ್ರೇ ಕೆಳಗಿಡಿ. ಆಗಲೇ ಮಬ್ಬಾಗಿದ್ದರೆ ಒಣ ದಿನ ನೋಡಿ ನಿಧಾನವಾಗಿ ಆರುವ ಥಿನ್ನರನ್ನು, ಅಂದರೆ ರಿಟಾರ್ಡರ್ ಬೆರೆಸಿದ್ದನ್ನು, ಏರ್‌ಬ್ರಷ್‌ನಿಂದ ಮಂಜಿನಷ್ಟೇ ತೆಳ್ಳಗೆ ಹಾಯಿಸಿ. ಮೇಲ್ಪದರ ಮತ್ತೆ ಸಡಿಲಗೊಂಡು ತೇವ ಹೊರಹೋಗುತ್ತದೆ. ಕೆಳಗೆ ಡೆಕಾಲ್ ಇದ್ದರೆ ಈ ಉಪಾಯ ಅಪಾಯ, ಡೆಕಾಲ್ ಕರಗಬಹುದು. ಅಲ್ಲಿ ಮೇಲ್ಪದರವನ್ನು 3000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ ಮತ್ತೆ ಕ್ಲಿಯರ್ ಹೊಡೆಯುವುದೇ ಸರಿ.

*ಕಿತ್ತಳೆ ಸಿಪ್ಪೆಯಂಥ ಮೈ.* ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಾಣುವುದು ಇದರ ವಿರುದ್ಧದ ತೊಂದರೆ: ಹನಿ ಕಾರಿಗೆ ತಲುಪುವ ಮೊದಲೇ ಅರ್ಧ ಒಣಗಿ, ಹರಡಿಕೊಳ್ಳದೆ ಕಾಳುಕಾಳಾಗಿ ಕೂರುತ್ತದೆ. ದೂರದಿಂದ ಹೊಡೆದರೂ, ಬಣ್ಣ ಗಟ್ಟಿಯಾಗಿದ್ದರೂ ಇದೇ ಫಲ. ಸ್ಪ್ರೇ ಕ್ಯಾನ್ ಆದರೆ 20–25 ಸೆಂ.ಮೀ. ಅಂತರ ಇಡಿ, ಬೆಳಗಿನ ತಂಪಿನಲ್ಲಿ ಹೊಡೆಯಿರಿ. ಪೂರ್ತಿ ಒಣಗಿದ ಮೇಲೆ 2000, ನಂತರ 3000, ಆಮೇಲೆ ರಬ್ಬಿಂಗ್ ಕಾಂಪೌಂಡ್. ಅಂಚುಗಳನ್ನು ಮುಟ್ಟಬೇಡಿ, ಬಣ್ಣ ಅಲ್ಲಿ ಅತಿ ತೆಳು, ಎರಡೇ ತಿಕ್ಕಿಗೆ ಪ್ರೈಮರ್ ಕಾಣುತ್ತದೆ.

*ಸುಕ್ಕು.* ನಿಧಾನವಾಗಿ ಗಟ್ಟಿಯಾಗುವ ಎನಾಮೆಲ್ ಬಣ್ಣದ ಮೇಲೆ ಲ್ಯಾಕರ್ ಹೊಡೆದರೆ ಲ್ಯಾಕರ್‌ನ ಪ್ರಬಲ ಥಿನ್ನರ್ ಕೆಳಗಿನ ಪದರವನ್ನು ಉಬ್ಬಿಸುತ್ತದೆ. ಕ್ಯಾನಿನ ಮೇಲೆ ಮರುಕೋಟ್ ಸಮಯ ಬರೆದಿರುವುದು ಇದಕ್ಕಾಗಿಯೇ. ಲ್ಯಾಕರ್ ಕೆಳಗೆ, ಎನಾಮೆಲ್ ಮೇಲೆ ಎಂಬ ಕ್ರಮಕ್ಕೆ ಬದ್ಧರಾಗಿ. ಸುಕ್ಕು ಬಂದ ಭಾಗವನ್ನು ತುಂಬಿ ಸಮ ಮಾಡಲು ಹೋಗಬೇಡಿ, ಕೆಳಗಿನ ಮೆತ್ತನೆ ಪದರ ಮತ್ತೆ ಏಳುತ್ತದೆ.

*ಮೀನಿನ ಕಣ್ಣು.* ಬಣ್ಣ ಸರಿದು ದುಂಡಗಿನ ಕುಳಿ ಬಿಟ್ಟರೆ ಅಲ್ಲಿ ಸಿಲಿಕೋನ್ ಅಥವಾ ಎಣ್ಣೆ ಇದೆ. ಟೈರ್ ಪಾಲಿಶ್, ಬೀಗದ ಸ್ಪ್ರೇಗಳನ್ನು ಬಣ್ಣದ ಮೇಜಿನ ಹತ್ತಿರಕ್ಕೂ ತರಬೇಡಿ. ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಆಮೇಲೆ ಕೈಗವಸು ಇಲ್ಲದೆ ಬಾಡಿ ಮುಟ್ಟಬೇಡಿ.

*ಪ್ಯಾನೆಲ್ ಗೆರೆ ಮುಚ್ಚಿಹೋಗಿದೆ.* ಪ್ರೈಮರ್, ಬಣ್ಣ, ಕ್ಲಿಯರ್ ಸೇರಿ 0.1 ಮಿ.ಮೀ. ಆಗುವುದು ಸಾಮಾನ್ಯ. ಎರಕದ ಗೆರೆಯ ಅಗಲ 0.2–0.3 ಮಿ.ಮೀ. ಇದ್ದರೆ ಎರಡೂ ಗೋಡೆಗಳಿಗೆ 0.1ರಂತೆ ಕೂತ ಬಣ್ಣ ಅದನ್ನು ನುಂಗಿಬಿಡುತ್ತದೆ. ಹೀಗಾಗಿ ಪ್ರೈಮರಿಗೆ ಮೊದಲೇ ಸ್ಕ್ರೈಬರ್ ಸೂಜಿಯಿಂದ ಗೆರೆಗಳನ್ನು ಆಳ ಮಾಡಿಕೊಳ್ಳಬೇಕು. ಬಣ್ಣದ ನಂತರ ಕೆತ್ತಿದರೆ ಅಂಚು ಚೂರು ಚೂರಾಗಿ ಏಳುತ್ತದೆ. ಗೆರೆಗೆ ಕಪ್ಪು ವಾಶ್ (ನೀರಿನಂತೆ ತೆಳು ಮಾಡಿದ ಬಣ್ಣ) ಹಾಕುವಾಗಲೂ ಎಚ್ಚರ: ಎನಾಮೆಲ್ ವಾಶ್‌ನ ಥಿನ್ನರ್ ಒಳಗೆ ಹರಿದು ಬಿಗಿದ ಪ್ಲಾಸ್ಟಿಕ್ ಬೇಸನ್ನು ಬಿರುಕು ಬಿಡಿಸಬಲ್ಲದು. ವಾಶ್ ಮುಗಿಸಿ ಒಣಗಿಸಿ, ಆಮೇಲೆ ಬೇಸ್ ಜೋಡಿಸಿ.

ಡೆಕಾಲ್: ಹೆಚ್ಚು ಕೆಲಸ ಕೆಡುವುದು ಇಲ್ಲಿ

*ಕಿತ್ತಳೆ ಪಟ್ಟಿ ಕೆಸರಿನ ಬಣ್ಣಕ್ಕೆ ತಿರುಗಿದೆ, ಬಿಳಿ ವೃತ್ತ ಕಾಣುತ್ತಲೇ ಇಲ್ಲ.* ಮನೆಯ ಇಂಕ್‌ಜೆಟ್ ಅಥವಾ ಸಾಮಾನ್ಯ ಲೇಸರ್ ಪ್ರಿಂಟರ್ ಬಿಳಿಯನ್ನು ಮುದ್ರಿಸುವುದಿಲ್ಲ. ಬಿಳಿ ಇರಬೇಕಾದಲ್ಲಿ ಕಾಗದವನ್ನು ಖಾಲಿ ಬಿಡುತ್ತದೆ. ಉಳಿದ ಬಣ್ಣಗಳೂ ಪಾರದರ್ಶಕ. ಕಿತ್ತಳೆಯ ಮೂಲಕ ಕೆಳಗಿನ ನೀಲಿ ತೋರಿ ಎರಡೂ ಸೇರಿ ಮಂಕು ಕಂದಾಗುತ್ತದೆ. ಪ್ರಿಂಟರ್ ಸೆಟ್ಟಿಂಗ್‌ನಲ್ಲಿ ಎಷ್ಟು ಗಾಢ ಮಾಡಿದರೂ ಇದು ಸರಿಹೋಗದು.

ಪಟ್ಟಿಯನ್ನು ಡೆಕಾಲ್ ಬದಲು ಬಣ್ಣದಲ್ಲೇ ಮಾಡುವುದು ನಮ್ಮ ಆಯ್ಕೆ, ಅದರಲ್ಲೂ ಬಾನೆಟ್‌ನಿಂದ ಹಿಂಬದಿವರೆಗೆ ಒಂದೇ ಸಮನೆ ಹೋಗುವ ಪಟ್ಟಿಗೆ. ಕ್ರಮ ಹೀಗೆ: ಪಟ್ಟಿಯ ಜಾಗಕ್ಕೆ ಮೊದಲು ಬಿಳಿ, ಅದರ ಮೇಲೆ ಕಿತ್ತಳೆ. 24 ಗಂಟೆ ಬಿಟ್ಟು ಪಟ್ಟಿಯ ಅಗಲಕ್ಕೆ ಕತ್ತರಿಸಿದ ಮಾಸ್ಕಿಂಗ್ ಟೇಪ್ ಅಂಟಿಸಿ, ಅಂಚನ್ನು ಹಲ್ಲುಕಡ್ಡಿಯಿಂದ ಒತ್ತಿ. ಟೇಪಿನ ಅಂಚಿನ ಮೇಲೆ ಇನ್ನೊಮ್ಮೆ ತೆಳ್ಳಗೆ ಕಿತ್ತಳೆಯನ್ನೇ ಹಾಯಿಸಿ. ಸೋರುವುದಿದ್ದರೆ ಕಿತ್ತಳೆಯೇ ಸೋರಿ ಸಂದು ಮುಚ್ಚಲಿ. ನಂತರ ಇಡೀ ಬಾಡಿಗೆ ನೀಲಿ. ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲು ಟೇಪನ್ನು ಹಿಂದಕ್ಕೆ ಮಡಚಿ ಎಳೆಯಿರಿ; ನೇರ ಮೇಲಕ್ಕೆ ಎಳೆದರೆ ಅಂಚು ಹರಿಯುತ್ತದೆ. ನಂಬರಿನ ವೃತ್ತಕ್ಕೆ ಬಿಳಿ ಹಿನ್ನೆಲೆಯ ಡೆಕಾಲ್ ಕಾಗದ ಬಳಸಿ. ನಿಜವಾದ ಕಾರಿನಲ್ಲಿ 45 ಸೆಂ.ಮೀ. ಇರುವ ವೃತ್ತ 1:64ರಲ್ಲಿ 7 ಮಿ.ಮೀ. ಆಗುತ್ತದೆ. ಕತ್ತರಿಯಿಂದ ಅದು ನೇರ್ಪಾಗದು, ಚರ್ಮದ ಕೆಲಸದವರ ರಂಧ್ರ ಉಳಿಯಿಂದ ಒಂದೇ ಏಟಿಗೆ ಕತ್ತರಿಸಬಹುದು.

*ಡೆಕಾಲ್ ನೀರಿನಲ್ಲಿ ಚೂರಾಯಿತು, ಇಂಕ್ ಹರಡಿತು.* ಇಂಕ್‌ಜೆಟ್ ಇಂಕ್ ನೀರಿನಲ್ಲಿ ಕರಗುವಂಥದ್ದು. ಮುದ್ರಿಸಿದ ಮೇಲೆ ಮೂರು ತೆಳು ಕೋಟ್ ಕ್ಲಿಯರ್ ಅಕ್ರಿಲಿಕ್ ಹೊಡೆದು 24 ಗಂಟೆ ಒಣಗಿಸಿ, ಆಮೇಲೆ ಕತ್ತರಿಸಿ. ಮೊದಲ ಕೋಟ್ ತೇವವಾಗಿ ಬಿದ್ದರೆ ಕ್ಲಿಯರ್‌ನ ಥಿನ್ನರ್‌ಗೇ ಇಂಕ್ ಹರಿಯುತ್ತದೆ, ಹಾಗಾಗಿ ಮೊದಲ ಎರಡು ಬರೀ ಮಂಜಿನಂತೆ ಇರಲಿ. ಕಾರಿನ ಮೇಲೆ ಕೊನೆಯ ಕ್ಲಿಯರ್ ಹೊಡೆಯುವಾಗಲೂ ಇದೇ ಎಚ್ಚರ.

*ಅಂಚಿನಲ್ಲಿ, ನಡುವೆ ಬೆಳ್ಳಿಯಂಥ ಹೊಳಪು.* ಡೆಕಾಲ್‌ನಡಿ ಗಾಳಿ ಸಿಕ್ಕಿದೆ. ಮ್ಯಾಟ್ ಬಣ್ಣದ ಮೈ ಒರಟು; ಪಾರದರ್ಶಕ ಫಿಲ್ಮ್ ಅದರ ಉಬ್ಬುಗಳ ಮೇಲೆ ಮಾತ್ರ ಕೂತು ತಗ್ಗುಗಳಲ್ಲಿ ಗಾಳಿ ಉಳಿಸುತ್ತದೆ. ಡೆಕಾಲ್ ಅಂಟಿಸುವ ಜಾಗ ಯಾವಾಗಲೂ ನುಣುಪಾಗಿ ಹೊಳೆಯುವಂತಿರಬೇಕು. ಕಾರಿಗೆ ಮ್ಯಾಟ್ ನೋಟ ಬೇಕಿದ್ದರೆ ಕೊನೆಯಲ್ಲಿ ಮ್ಯಾಟ್ ಕ್ಲಿಯರ್ ಹೊಡೆದರಾಯಿತು. ಆಗಲೇ ಬೆಳ್ಳಿ ಹೊಳಪು ಬಂದಿದ್ದರೆ ಆ ಜಾಗದಲ್ಲಿ ಅತಿ ಸಣ್ಣ ಸೂಜಿಯಿಂದ ನಾಲ್ಕೈದು ತೂತು ಚುಚ್ಚಿ, ಡೆಕಾಲ್ ಸಾಫ್ಟ್‌ನರ್ (ಡೆಕಾಲನ್ನು ಮೆತ್ತಗಾಗಿಸುವ ದ್ರವ) ಒಂದು ಹನಿ ಬಿಟ್ಟು ಕಾಯಿರಿ. ಫಿಲ್ಮ್ ಮೊದಲು ಸುಕ್ಕಾಗುತ್ತದೆ. ಗಾಬರಿಯಿಂದ ಮುಟ್ಟಬೇಡಿ, ಮುಟ್ಟಿದರೆ ಹರಿಯುವುದು ಖಚಿತ. ಒಣಗುತ್ತಾ ತಾನೇ ಬಿಗಿದು ಗೆರೆಗಳ ಒಳಗೆ ಕೂರುತ್ತದೆ. ಮನೆಯಲ್ಲಿ ಮುದ್ರಿಸಿದ ಡೆಕಾಲ್‌ಗೆ ಪ್ರಬಲ ಸಾಫ್ಟ್‌ನರ್ ಇಂಕನ್ನೇ ಕರಗಿಸಬಹುದು. ಒಂದು ಬೇಡದ ಚೂರಿನ ಮೇಲೆ ಮೊದಲು ನೋಡಿಕೊಳ್ಳಿ.

ಅಂಟಿಸಿದ ಮೇಲೆ ಒದ್ದೆ ಇಯರ್ ಬಡ್‌ನಿಂದ ಸುತ್ತಲಿನ ಅಂಟನ್ನು ಒರೆಸಿ ತೆಗೆಯಿರಿ. ಅಲ್ಲೇ ಬಿಟ್ಟ ಅಂಟು ಒಣಗಿ ಕಂದು ಕಲೆಯಾಗುತ್ತದೆ, ಮೇಲೆ ಹೊಡೆದ ಕ್ಲಿಯರ್ ಅಲ್ಲಿಂದಲೇ ಏಳುತ್ತದೆ. ಇನ್ನೊಂದು ಮಾತು: 9 ತಲೆಕೆಳಗಾದರೆ 6. ಈ ಕಾರಿನಲ್ಲಿ ಎರಡೂ ಗೆದ್ದ ನಂಬರುಗಳೇ ಆದ್ದರಿಂದ ತಪ್ಪು ಥಟ್ಟನೆ ಕಣ್ಣಿಗೆ ಬೀಳುವುದಿಲ್ಲ. ಮುದ್ರಿಸುವಾಗಲೇ ಪ್ರತಿ ವೃತ್ತದ ಹೊರಗೆ, ಕಾಗದದ ಮೇಲೆ, ಮೇಲ್ಭಾಗಕ್ಕೆ ಒಂದು ಬಾಣದ ಗುರುತು ಹಾಕಿಕೊಳ್ಳಿ.

ರಿವೆಟ್ ಮತ್ತು ಸ್ಕ್ರೂ

ಬೇಸಿನ ರಿವೆಟ್ ತಲೆಯನ್ನು 3.5–4 ಮಿ.ಮೀ. ಬಿಟ್‌ನಿಂದ ನಿಧಾನವಾಗಿ ಕೊರೆದು ತೆಗೆಯುತ್ತೇವೆ. ಕಣ್ಣಿಗೆ ಕನ್ನಡಕ ಇರಲಿ. ಉಳಿದ ಕಂಬಕ್ಕೆ 1.6 ಮಿ.ಮೀ. ತೂತು, ಎಂ2 ಟ್ಯಾಪ್ (ತೂತಿನೊಳಗೆ ಸ್ಕ್ರೂ ಕೂರುವ ಮರೆ, ಅಂದರೆ ಥ್ರೆಡ್, ಕೊರೆಯುವ ಸಲಕರಣೆ), ಎಂ2×4 (2 ಮಿ.ಮೀ. ದಪ್ಪ, 4 ಮಿ.ಮೀ. ಉದ್ದ) ಸ್ಕ್ರೂ. ಇಲ್ಲಿ ಮೂರು ಕಡೆ ಕೆಡುತ್ತದೆ.

ಕಂಬ ಸೀಳಿದ್ದರೆ ತೂತು ಓರೆಯಾಗಿತ್ತು, ಇಲ್ಲವೇ ಟ್ಯಾಪ್ ಹಾಕದೆ ಸ್ಕ್ರೂವನ್ನೇ ಬಲವಂತವಾಗಿ ತಿರುಗಿಸಲಾಗಿದೆ. ಜಮಾಕ್ ಬಾಗುವುದಿಲ್ಲ, ಒಡೆಯುತ್ತದೆ. ಮಧ್ಯಕ್ಕೆ ಪಂಚ್ ಗುರುತು ಹಾಕಿ, ಸೀಮೆಎಣ್ಣೆಯ ಒಂದು ತೊಟ್ಟು ಬಿಟ್ಟು, ಟ್ಯಾಪನ್ನು ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿ. ಮರೆ ಸವೆದಿದ್ದರೆ ತೂತಿಗೆ ಲೋಹ ಮಿಶ್ರಿತ ಎಪಾಕ್ಸಿ ತುಂಬಿ, 24 ಗಂಟೆ ಬಿಟ್ಟು ಮತ್ತೆ ಕೊರೆಯಿರಿ. ಬಾನೆಟ್ ಅಥವಾ ಛಾವಣಿಯ ಮೇಲೆ ಮೊಡವೆಯಂತೆ ಉಬ್ಬು ಎದ್ದಿದ್ದರೆ ಸ್ಕ್ರೂ ತೂತಿಗಿಂತ ಉದ್ದವಿದೆ, ತಳಕ್ಕೆ ತಾಗಿ ಬಾಡಿಯನ್ನೇ ತಳ್ಳುತ್ತಿದೆ.

ಚಕ್ರ: ಓಡುವುದಿಲ್ಲ, ಅಥವಾ ಒಂದು ಕಡೆಗೆ ಎಳೆಯುತ್ತದೆ

ಕಾರನ್ನು ದಪ್ಪ ಗಾಜಿನ ಹಲಗೆಯ ಮೇಲಿಡಿ. ಮೇಜು, ನೆಲದ ಟೈಲ್ಸ್ ನಂಬಬೇಡಿ. ಝೆರಾಕ್ಸ್ ಕಾಗದದ ತುಣುಕನ್ನು ಪ್ರತಿ ಟೈರಿನಡಿ ತೂರಿಸಿ ನೋಡಿ. ಅದರ ದಪ್ಪ ಸುಮಾರು 0.1 ಮಿ.ಮೀ. ಮೂರು ಚಕ್ರ ಹಿಡಿದು ಒಂದರಡಿ ಕಾಗದ ಸಲೀಸಾಗಿ ಜಾರಿದರೆ ಬೇಸಿನ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ನೋಡಿ. ಈಗ ನಾಲ್ಕೂ ಕೂತರೆ ಅತಿಯಾಗಿ ಬಿಗಿದ ಸ್ಕ್ರೂ ಪ್ಲಾಸ್ಟಿಕ್ ಬೇಸನ್ನು ತಿರುಚಿತ್ತು, ಅಷ್ಟೇ. ಹಾಗೂ ಕೂರದಿದ್ದರೆ ಆಕ್ಸಲ್ (ಚಕ್ರಗಳನ್ನು ಜೋಡಿಸುವ ಕಡ್ಡಿ) ಹೊರತೆಗೆದು ಗಾಜಿನ ಮೇಲೆ ಉರುಳಿಸಿ. ಬಾಗಿದ ಆಕ್ಸಲ್ ಉರುಳುವಾಗ ಕುಂಟುತ್ತದೆ. ನೆಟ್ಟಗೆ ಮಾಡುತ್ತಾ ಕೂರದೆ ಹೊಸದು ಕತ್ತರಿಸಿಕೊಳ್ಳಿ.

ಎಳೆತಕ್ಕೆ ಕಾರಣ ಬಹುತೇಕ ಓರೆ ಆಕ್ಸಲ್. ಕ್ಯಾಲಿಪರ್‌ನಿಂದ ಎಡಬದಿಯ ವೀಲ್‌ಬೇಸ್, ಬಲಬದಿಯ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಬೇರೆ ಬೇರೆ ಅಳೆಯಿರಿ. ಜಿಟಿ40ಯ ನಿಜವಾದ ವೀಲ್‌ಬೇಸ್ 95 ಇಂಚು, ಅಂದರೆ 2413 ಮಿ.ಮೀ.; 1:64ರಲ್ಲಿ 37.7 ಮಿ.ಮೀ. ಎಡ-ಬಲ ಚಕ್ರಗಳ ಅಂತರ ಸುಮಾರು 21 ಮಿ.ಮೀ. ಮುಂದಿನ ಆಕ್ಸಲ್‌ನ ಒಂದು ತುದಿ 0.3 ಮಿ.ಮೀ. ಮುಂದಿದ್ದರೆ ಓರೆ 0.8 ಡಿಗ್ರಿಯಷ್ಟೇ, ಕಣ್ಣಿಗೆ ಕಾಣದು. ಆದರೆ ಒಂದು ಮೀಟರ್ ಉರುಳುವಷ್ಟರಲ್ಲಿ ಕಾರು ಸುಮಾರು 19 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಇದನ್ನೇ ತಿರುಗಿಸಿ ಬಳಸಿ: ಮೀಟರಿಗೆ ಎಷ್ಟು ಸೆಂ.ಮೀ. ಸರಿಯಿತು ಎಂದು ಅಳೆದು, ಅದನ್ನು 63ರಿಂದ ಭಾಗಿಸಿದರೆ ಆಕ್ಸಲ್ ತುದಿಯನ್ನು ಎಷ್ಟು ಮಿ.ಮೀ. ಸರಿಸಬೇಕೆಂದು ಸಿಗುತ್ತದೆ. 5 ಸೆಂ.ಮೀ. ಒಳಗಿದ್ದರೆ ಬಿಟ್ಟುಬಿಡಿ.

ರಬ್ಬರ್ ಟೈರಿನ ಚಕ್ರಕ್ಕೆ ಹಿತ್ತಾಳೆ ಕೊಳವೆಯೊಳಗೆ 1 ಮಿ.ಮೀ. ಉಕ್ಕಿನ ಆಕ್ಸಲ್ ಹಾಕಿ ಕೊಳವೆಯನ್ನು ಬೇಸಿಗೆ ಎಪಾಕ್ಸಿಯಿಂದ ಅಂಟಿಸುವುದು ರೂಢಿ. ಐದು ನಿಮಿಷದ ಎಪಾಕ್ಸಿಗಿಂತ ಮೂವತ್ತು ನಿಮಿಷದ್ದು ಒಳ್ಳೆಯದು, ಅಳೆದು ಸರಿಪಡಿಸಲು ಸಮಯ ಸಿಗುತ್ತದೆ. ಅಂಟು ಕೊಳವೆಯ ತುದಿಗೆ ಹರಿದರೆ ಚಕ್ರ ಕಚ್ಚಿಕೊಳ್ಳುತ್ತದೆ, ಹಾಗಾಗಿ ಅಂಟು ನಡುವೆ ಮಾತ್ರ. ಚಕ್ರಕ್ಕೆ ಪಕ್ಕದಲ್ಲಿ 0.3–0.5 ಮಿ.ಮೀ. ಸಡಿಲ ಬಿಡಿ. ಎಣ್ಣೆ ಬೇಡ, ದೂಳು ಹಿಡಿಯುತ್ತದೆ. ಗ್ರಾಫೈಟ್ ಪುಡಿ ಸಾಕು, ಅದೂ ಬಣ್ಣದ ಕೆಲಸ ಪೂರ್ತಿ ಮುಗಿದ ಮೇಲೆ.

ಟೈರ್ ಬಾಡಿಯ ಚಕ್ರದ ಕಮಾನಿಗೆ ಉಜ್ಜುತ್ತಿದ್ದರೆ ಅಥವಾ ಕಾರು ಎತ್ತರವೆನಿಸಿದರೆ ಒಟ್ಟು ಎತ್ತರ ಅಳೆಯಿರಿ. ಹೆಸರಿನಲ್ಲಿರುವ 40 ಆ ಕಾರಿನ ಎತ್ತರ, ಇಂಚಿನಲ್ಲಿ, 1:64ರಲ್ಲಿ 15.9 ಮಿ.ಮೀ. 10 ಮಿ.ಮೀ. ಟೈರಿನ ಬದಲು 11 ಮಿ.ಮೀ. ಹಾಕಿದರೆ ಕಾರು ಅರ್ಧ ಮಿ.ಮೀ. ಏರುತ್ತದೆ, ನಿಜ ಕಾರಿನ ಲೆಕ್ಕದಲ್ಲಿ 32 ಮಿ.ಮೀ. ತಗ್ಗಿದ ಮೈಯ ರೇಸ್ ಕಾರಿನಲ್ಲಿ ಇದು ಎದ್ದು ಕಾಣುತ್ತದೆ. ಕೊಳವೆ ಕೂರುವ ಕಾಲುವೆಯನ್ನು ಅಷ್ಟೇ ಆಳ ಮಾಡಿ, ಕಮಾನಿನ ಒಳಗೋಡೆಯನ್ನು ತೆಳ್ಳಗೆ ಉಜ್ಜಿ.

ಕಿಟಕಿ ಮಂಜಾಗಿದೆ

ಸೂಪರ್ ಗ್ಲೂ ಗಟ್ಟಿಯಾಗುವಾಗ ಬಿಡುವ ಆವಿ ಹತ್ತಿರದ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಮುಚ್ಚಿದ ಕಾರಿನೊಳಗೆ ಆವಿಗೆ ಹೊರದಾರಿ ಇಲ್ಲದ್ದರಿಂದ ಹಾನಿ ಹೆಚ್ಚು. ತೆಳುವಾಗಿದ್ದರೆ ಪ್ಲಾಸ್ಟಿಕ್ ಪಾಲಿಶ್‌ನಿಂದ ಉಜ್ಜಿ ತೆಗೆಯಬಹುದು. ಕಿಟಕಿಗೆ ಫೆವಿಕಾಲ್‌ನಂಥ ಬಿಳಿ ಅಂಟನ್ನು ಹಲ್ಲುಕಡ್ಡಿಯ ತುದಿಯಿಂದ ನಾಲ್ಕು ಚುಕ್ಕೆ ಇಟ್ಟರೆ ಸಾಕು, ಪಾರದರ್ಶಕವಾಗಿ ಒಣಗುತ್ತದೆ. ಕಾರಿನೊಳಗೆ ಬೇರೆ ಭಾಗಕ್ಕೆ ಸೂಪರ್ ಗ್ಲೂ ಬೇಕೇ ಬೇಕಿದ್ದರೆ ಅದನ್ನು ಹಿಂದಿನ ದಿನವೇ ಮುಗಿಸಿ, ಬೇಸ್ ತೆರೆದಿಟ್ಟು, ಕಿಟಕಿಯನ್ನು ಮರುದಿನ ಕೂರಿಸಿ.